ಎರಡು ಹಲ್ಲಿನ ಆಡು

ನಮ್ಮ ಮನ್ಯಾಗ ಆಡು ಇದ್ದಿಲ್ಲ.
ಆಡು ಕಟ್ಟೋ ಗೂಟನೂ ಇದ್ದಿಲ್ಲ.
ಕಲಬುರಗಿ, ಶಹಾಬಜಾರ ನಾಕಾದ ಹಿಂದಿನ ಓಣ್ಯಾಗ ಒಂದೂವರೆ ಖೋಲಿ,
ಕೆಳಗ ಪರಸಿ, ಮ್ಯಾಲ ತಗಡು.
ಬ್ಯಾಸಗ್ಯಾಗ ಇರಿವಿ ಸೈತ
ಕೊಡದ ನೆರಳು ಹುಡುಕತಿತ್ತು.

ಆದರೂ ಅವ್ವ ದಾಲ್ ಮಿಲ್ಲಿನಿಂದ ಬರೋ ಹಾದ್ಯಾಗ
ಲಾಡ್ಲೇಸಾಬನ ಕಲ್ಲಂಗಡಿ ಬಂಡಿ ಮುಂದ ನಿಂತು
ಚೀಲ ಬಿಚ್ಚಿ ಅಂತಿದ್ದಳು:
"ಒಂದೀಟು ಸಿಪ್ಪಿ ಹಾಕ್ರಿ ಅಣ್ಣಾ, ಆಡಿಗೆ."
ಅಂವ ಬುಟ್ಟಿ ಎತ್ತಿ ಸುರೀತಿದ್ದ,
ನೊಣದ ಸಮೇತ.

ಕೆಂಪಿನ ಅಂಚಿಗೆ ಯಾರ್ಯಾರದೋ ಹಲ್ಲಿನ ಗುರುತು.
ಅವ್ವ ಮೊದಲು ಅದನ್ನ ಕೊಯ್ದು ತೆಗೀತಿದ್ದಳು,
ಅಗದಿ ದಪ್ಪ, ಸಿಟ್ಟಿಲೆ.
ಆಮ್ಯಾಲ ಹೊರಗಿನ ಹಸರು ತೊಗಲು.
ನಡುವ ಉಳಿದ ಬಿಳಿ,
ಆ ಕಡಿ ಹಣ್ಣೂ ಅಲ್ಲ, ಈ ಕಡಿ ತೊಗಟಿನೂ ಅಲ್ಲ,
ಅದು ನಮ್ಮದು.
ಸಣ್ಣಗ ಹೆಚ್ಚಿ, ಬಳ್ಳೊಳ್ಳಿ ಜಜ್ಜಿ, ಶೇಂಗಾದ ಹಿಂಡಿ ಉದುರಿಸಿ
ಬೋಗುಣಿ ಮುಚ್ಚಿದರ
ಚೊಂಯ್ ಅನ್ನೋ ಸಪ್ಪಳಕ್ಕ ಓಣಿ ಮಂದಿಗೆ ಏನು ಗೊತ್ತಾಗತದ,
ಒಳಗ ಸೋರಿಕಾಯೋ ಸಿಪ್ಪಿಯೋ?

ಹೀರಿಕಾಯಿ ಸಿಪ್ಪಿ ಎಳ್ಳಿನ ಕೂಡ ಹುರಿದು ಚಟ್ನಿ.
ಗೋಬಿ ದಂಟು ಬ್ಯಾಳ್ಯಾಗ.
ಕುಂಬಳದ ಬೀಜ ತಗಡಿನ ಮ್ಯಾಲ ಒಣಗಿಸಿ ಕೊಟ್ಟರ
ಇಡೀ ಪರೀಕ್ಷಾ ನಾವು ಅದನ್ನೇ ಒಡಕೋತ ಓದಿದ್ದು.
ಬಾಳಿಹಣ್ಣಿನ ಸಿಪ್ಪಿ ಒಮ್ಮೆ ಮಾಡಿದಳು.
ಒಮ್ಮೆ ಅಷ್ಟೇ. ಅದರ ಸುದ್ದಿ ಬ್ಯಾಡ.

ಆಡಿಗೆ ತಮ್ಮ ಸೈಬಣ್ಣ ಹೆಸರಿಟ್ಟ: ಬುಗುಡಿ.
ಬಣ್ಣನೂ ಕೊಟ್ಟ, ಕರೀದು, ಒಂದು ಕಿವಿ ಬಿಳೀದು.
ಊಟಕ್ಕ ಕುಂತಾಗ "ಬ್ಯಾ" ಅಂತಿದ್ದ.
ಅವ್ವ ಒಂದಿನ ನಗತಿದ್ದಳು,
ಒಂದಿನ ಸವಟು ಎತ್ತತಿದ್ದಳು.

ಬಕ್ರೀದ್ ಎಂಟು ದಿನ ಇದ್ದಾಗ
ಲಾಡ್ಲೇಸಾಬ ಚೀಲ ತುಂಬೋದು ಬಿಟ್ಟು ಕೇಳಿದ:
"ಮೂರು ತಿಂಗಳಾತು ನನ್ನ ಸಿಪ್ಪಿ ತಿಂದು, ಮೈ ತುಂಬಿರಬೇಕು.
ನನಗೇ ಕೊಡ್ರಿ ಅಕ್ಕಾ, ಬಜಾರಕಿಂತ ನೂರು ಹೆಚ್ಚಿಗಿ ಕೊಡ್ತೀನಿ.
ಎರಡು ಹಲ್ಲಾಗ್ಯಾವೇನು?"
ಮುಂದಿನ ಎರಡು ಹಲ್ಲು ಆಗ ತಾನೇ ಹುಟ್ಟಲತ್ತಿದ್ದ ಸೈಬಣ್ಣ
ಗಪ್ಪನೆ ಬಾಯಿ ಮುಚ್ಚಿಕೊಂಡ.
"ಬಣ್ಣ ಯಾವುದು?"
"ಕೆಂಪು" ಅಂದಳು ಅವ್ವ.
"ಕರೀದು" ಅಂದೆ ನಾ.

ನಾಕು ದಿನ ಅವ್ವ ಸುತ್ತು ಹಾಕಿ ಬ್ಯಾರೆ ಹಾದಿ ಹಿಡಿದು ಬಂದಳು.
ಬರೇ ಬ್ಯಾಳಿ, ಬರೇ ರೊಟ್ಟಿ.
ಬುಗುಡಿ ಸುದ್ದಿ ಯಾರೂ ತೆಗೀಲಿಲ್ಲ.
ಐದನೇ ದಿನ ಸ್ಟೀಲಿನ ಡಬ್ಬಿ ಒಯ್ದು
ಬಂಡಿ ಮ್ಯಾಲ, ಹಣ್ಣಿನ ನಡುವ ಇಟ್ಟಳು.
ಏನೂ ಅನ್ನಲಿಲ್ಲ.
ಅಂವ ಕೈ ತೊಳಕೊಂಡ. ರೊಟ್ಟಿ ಮುರಿದ. ಅಗಿದ.
ಪಲ್ಯಾದಾಗಿನ ಒಂದು ಹೋಳು ಬಿಸಲಿಗೆ ಹಿಡಿದು ನೋಡಿದ,
ಕಳುವಾದ ತನ್ನ ಮಾಲು ತಾನೇ ಗುರುತು ಹಿಡಿಯೋ ಹಾಂಗ.
ಭಾಳ ಹೊತ್ತಿನ ಮ್ಯಾಲ ಅಂದ:
"ಆಡಿನ ಕೈರುಚಿ ಛಲೋ ಅದ್ರಿ ಅಕ್ಕಾ.
ಖಾರ ಒಂಚೂರು ಹೆಚ್ಚಿಗಿ."

ಮರುದಿನದಿಂದ ಚೀಲದಾಗ ಬ್ಯಾರೆ ಸಿಪ್ಪಿ:
ಯಾರೂ ಬಾಯಿ ಹಚ್ಚದ್ದು,
ಕೊಯ್ಯುವಾಗಲೇ ಕಡೀಗೆ ತೆಗೆದಿಟ್ಟದ್ದು,
ಬೆರಳಿನಷ್ಟು ಕೆಂಪು ಬೇಕಂತಲೇ ಬಿಟ್ಟದ್ದು.
ಗಿರಾಕಿ ಯಾರರೆ ಕೇಳಿದರ
ದೊಡ್ಡ ದನಿ ತೆಗೆದು ಹೇಳತಿದ್ದ:
"ಆಡಿಗ್ರೀ, ಅಕ್ಕಾರ ಆಡಿಗೆ."

ಮೊನ್ನೆ ಸಂತ್ಯಾಗ ಒಬ್ಬ ಹುಡುಗ
ಮೂಲಂಗಿ ತಪ್ಪಲ ಮುರಿದು ಮುರಿದು ಒಗಿಲತ್ತಿದ್ದ.
ತಡಿ, ಇಲ್ಲಿ ಕೊಡು, ಅಂದೆ.
"ಆಡು ಸಾಕೀರೇನ್ರಿ ಬಾಯಾರ?"
"ಹೌದು."
"ಎಷ್ಟು?"
ಮನ್ಯಾಗಿನ ತಾಟು ಎಣಿಸಿ
ಐದು ಅಂದೆ.